ನಾಪತ್ತೆಯಾದ ಪ್ರೋಟೀನೂ ನಿಮ್ಮ ಸಂಕೋಚವೂ

ಮಾದರಿ ಸಂಗ್ರಹ ಅನುಮತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ವೀರ್ಯದ ಮಾದರಿ ಸಂಗ್ರಹಿಸಲು ಅನುಮತಿ ಕೋರಿದ ನಮ್ಮ ಪ್ರಯೋಗಾಲಯದ ಅರ್ಜಿಯನ್ನು ನೀವು ಮೂರನೇ ಸಲ ತಿರಸ್ಕರಿಸಿದ್ದೀರಿ. ಕಾರಣದ ಜಾಗದಲ್ಲಿ ಒಂದೇ ಸಾಲು: "ಸಂಸ್ಥೆಯ ಘನತೆಗೆ ತಕ್ಕುದಲ್ಲ; ರಕ್ತದಲ್ಲೇ ಹುಡುಕಿಕೊಳ್ಳತಕ್ಕದ್ದು." ಅರ್ಜಿಯ ಭಾಷೆ ಸರಿಯಿಲ್ಲ ಎಂದಿದ್ದರೆ ತಿದ್ದುತ್ತಿದ್ದೆವು. ದಾನಿಗಳ ಗುಟ್ಟು ಕಾಯುವ ಏರ್ಪಾಡು ಸಾಲದು ಎಂದಿದ್ದರೆ ಬಿಗಿ ಮಾಡುತ್ತಿದ್ದೆವು. ಮನುಷ್ಯನ ದೇಹವನ್ನೇ ತಿದ್ದಿ ತರುವುದು ಹೇಗೆ?

ರಕ್ತದಲ್ಲಿ ಹುಡುಕಿಲ್ಲವೆಂದುಕೊಂಡಿರಾ? ಪ್ರೋಟೀನುಗಳನ್ನು ತೂಗಿ ಗುರುತಿಸುವ ಯಂತ್ರದ ಮುಂದೆ ಹದಿನಾರು ವರ್ಷ ಕೂತವಳು ನಾನು. ಮನುಷ್ಯನ ಜೀನುಗಳನ್ನು ಓದಿ, ಇಂತಿಂಥ ಪ್ರೋಟೀನುಗಳು ಇರಲೇಬೇಕೆಂದು ಪಟ್ಟಿ ಮಾಡಿಟ್ಟಿದ್ದಾರೆ. ಅವುಗಳಲ್ಲಿ ನೂರಾರು ಇಂದಿಗೂ ಯಾರ ಯಂತ್ರಕ್ಕೂ ಖಚಿತವಾಗಿ ಸಿಕ್ಕಿಲ್ಲ. ಅಂಥ ಒಂದರ ಬೆನ್ನು ಹತ್ತಿ ನಾಲ್ಕು ವರ್ಷ ರಕ್ತ, ಯಕೃತ್ತು, ಸ್ನಾಯು ಎಲ್ಲವನ್ನೂ ಜಾಲಾಡಿದೆವು. ಸಿಕ್ಕಿದ್ದು ಸೊನ್ನೆ. ಆಗ ನಮ್ಮ ತಂಡದ ಸಂಶೋಧಕಿ, ನನ್ನ ಮಗಳ ವಯಸ್ಸಿನವಳು, ಜೀನ್ ಅಭಿವ್ಯಕ್ತಿಯ ಕೋಷ್ಟಕ ಬಿಚ್ಚಿದಳು. ಜೀನು ಕೆಲಸಕ್ಕಿಳಿದಾಗ ಮೊದಲು ತನ್ನ ಆದೇಶದ ನಕಲುಗಳನ್ನು ಹೊರಡಿಸುತ್ತದೆ. ಆ ನಕಲನ್ನು ನೋಡಿಕೊಂಡೇ ಪ್ರೋಟೀನು ತಯಾರಾಗುವುದು. ಯಾವ ಅಂಗದಲ್ಲಿ ಎಷ್ಟು ನಕಲುಗಳಿವೆ ಎಂಬ ಲೆಕ್ಕ ಆ ಕೋಷ್ಟಕದಲ್ಲಿದೆ. ನಮ್ಮ ಜೀನಿನ ಸಾಲಿನಲ್ಲಿ ರಕ್ತಕ್ಕೆ ಸೊನ್ನೆ, ಯಕೃತ್ತಿಗೆ ಸೊನ್ನೆ. ವೀರ್ಯಾಣುಗಳು ಹುಟ್ಟುವ ವೃಷಣಕ್ಕೆ ಬಂದರೆ ರಾಶಿ ರಾಶಿ.

"ಅಕ್ಕಾ, ಇಷ್ಟು ದಿನ ಯಾರ್ಯಾರದೋ ಮನೆ ಬಾಗಿಲು ತಟ್ತಿದ್ವಿ. ಆಸಾಮಿ ಇಲ್ಲಿ ಕೂತಿದಾನೆ!" ಎಂದಳು.

ಹಳೆಯ ಅಧ್ಯಯನದಿಂದ ಉಳಿದ ಆರು ವೀರ್ಯದ ಮಾದರಿಗಳು ಫ್ರೀಜರಿನಲ್ಲಿದ್ದವು. ಐದನೆಯದರಲ್ಲಿ ಆ ಪ್ರೋಟೀನಿನ ಒಂದು ತುಣುಕು ಸಿಕ್ಕಿತು. ಹುಡುಗಿ ಕುಣಿದಾಡಿಬಿಟ್ಟಳು. ಆದರೆ ಒಂದು ತುಣುಕು ಸಾಕ್ಷಿಯಾಗದು, ಬೇರೆ ಬೇರೆ ಎರಡಾದರೂ ಬೇಕು. ಆರನೆಯ ಮಾದರಿಯಲ್ಲಿ ಏನೂ ಸಿಗಲಿಲ್ಲ. ಅದಕ್ಕೇ ನಿಮ್ಮ ಮುಂದೆ ಅರ್ಜಿ ಹಿಡಿದು ನಿಂತದ್ದು.

ಈಗ ನನ್ನ ಮನೆಯ ಮಾತು. ನನ್ನ ತಮ್ಮ ಬಸ್ಸಿನ ಚಾಲಕ. ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಾಗಲಿಲ್ಲ. ಅಷ್ಟೂ ವರ್ಷ ಮಾತ್ರೆ ನುಂಗಿದವಳು ಅವನ ಹೆಂಡತಿ, ಸೂಜಿ ಚುಚ್ಚಿಸಿಕೊಂಡವಳು ಅವಳು, ನಮ್ಮ ತಾಯಿಯ ಬಾಯಿಗೆ ಸಿಕ್ಕವಳೂ ಅವಳೇ. ಅವಳ ವರದಿಗಳಲ್ಲಿ ಒಂದು ದೋಷವೂ ಇರಲಿಲ್ಲ. ಅವನನ್ನೂ ಪರೀಕ್ಷಿಸಬೇಕೆಂದು ವೈದ್ಯರು ಹೇಳಿದಾಗಲೆಲ್ಲ ಮನೆಮಂದಿಗೆ ಕಿವಿ ಮಂದವಾಗುತ್ತಿತ್ತು. ನನಗೂ. ಪ್ರಯೋಗಾಲಯದಲ್ಲಿ ದುಡಿಯುವ ನಾನೇ ಬಾಯಿ ಹೊಲಿದುಕೊಂಡಿದ್ದೆ. ನಿಮ್ಮನ್ನು ಬೈಯುವಾಗ ಅದು ನನಗೂ ಚುಚ್ಚುತ್ತದೆ. ಕೊನೆಗೆ ಅವನೇ ಹೋಗಿ ಪರೀಕ್ಷೆ ಮಾಡಿಸಿಕೊಂಡ. ವೀರ್ಯಾಣುಗಳಿದ್ದವು, ಬಾಲಗಳೂ ಇದ್ದವು, ಈಜುತ್ತಿರಲಿಲ್ಲ. ಯಾಕೆಂದು ವೈದ್ಯರಿಗೂ ತಿಳಿಯಲಿಲ್ಲ.

ಊಟಕ್ಕೆ ಕೂತಿದ್ದ ತಾಯಿಯ ಮುಂದೆ ವರದಿ ಇಟ್ಟು ಹೇಳಿದ: "ಅಮ್ಮಾ, ತೊಂದ್ರೆ ಇರೋದು ನನ್ನಲ್ಲಿ. ಇನ್ಮೇಲೆ ಇವಳನ್ನ ಒಂದು ಮಾತು ಅನ್ಬೇಡ."

ಅಮ್ಮ ಎದ್ದು ಕೈ ತೊಳೆದು ಬಂದು ಸೊಸೆಯ ಕೈ ಹಿಡಿದಳು. ಸೊಸೆ ಕೈ ಬಿಡಿಸಿಕೊಂಡಳು. ಒಂಬತ್ತು ವರ್ಷ ಅಷ್ಟು ಸುಲಭಕ್ಕೆ ಕರಗುತ್ತದೆಯೇ?

(ಇದನ್ನು ಬರೆಯಲು ತಮ್ಮ, ಅವನ ಹೆಂಡತಿ ಇಬ್ಬರೂ ಒಪ್ಪಿದ್ದಾರೆ. ಅವಳಂತೂ, "ದಪ್ಪಕ್ಷರದಲ್ಲಿ ಹಾಕ್ಸಿ ಅತ್ತಿಗೆ" ಎಂದಳು.)

ನಾವು ಹುಡುಕುತ್ತಿರುವ ಪ್ರೋಟೀನು ವೀರ್ಯಾಣುವಿನ ಬಾಲಕ್ಕೆ ಸಂಬಂಧಿಸಿದ್ದಿರಬಹುದೆಂಬುದು ಊಹೆ. ತಮ್ಮನ ತೊಂದರೆಗೆ ಅದೇ ಕಾರಣವೆಂದು ನಾನು ಹೇಳಲಾರೆ. ಅಲ್ಲವೆಂದೂ ಯಾರೂ ಹೇಳಲಾರರು, ಏಕೆಂದರೆ ಅದನ್ನು ಸರಿಯಾಗಿ ಕಂಡವರೇ ಇಲ್ಲ. ಕಾಣಲು ನೀವು ಬಿಡುತ್ತಿಲ್ಲ.

ಹೋದ ತಿಂಗಳು, ಮಾದರಿ ಕೊಡಲು ತಾನು ಸಿದ್ಧನೆಂದು ಹೇಳಲು, ಸಮವಸ್ತ್ರದಲ್ಲೇ ನನ್ನ ಜೊತೆ ನಿಮ್ಮ ಕಚೇರಿಗೆ ಬಂದವನು ಅವನೇ. ನೀವು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಇದೆಲ್ಲ ಹೆಣ್ಮಕ್ಕಳ ಮುಂದೆ ಆಡೋ ಮಾತಾ?" ಎಂದಿರಿ. ಆ ಹೆಣ್ಣುಮಗಳು ನಾನು. ಅರ್ಜಿ ಬರೆದವಳೂ ನಾನೇ.

"ಕೊಡೋನು ನಾನು ಸಾರ್, ನನಗೇ ನಾಚಿಕೆ ಇಲ್ಲ. ಸಹಿ ಹಾಕೋಕೆ ನಿಮಗ್ಯಾಕೆ?" ಎಂದ ತಮ್ಮ.

ನೀವು ಗಂಟೆ ಒತ್ತಿ ಜವಾನನನ್ನು ಕರೆದಿರಿ.

ತಮ್ಮ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ಡಿಪೋದ ವಿಶ್ರಾಂತಿ ಕೋಣೆಯಲ್ಲಿ ತನ್ನ ವರದಿ ಹರಡಿಕೊಂಡು ಕೂತ. ಮೊದಲು ಎಲ್ಲರೂ ನಕ್ಕರಂತೆ. ಆಮೇಲೆ ಒಬ್ಬ ನಿರ್ವಾಹಕ ಹತ್ತಿರ ಬಂದು, "ನಂದೂ ಇದೇ ಕಥೆ ಕಣೋ," ಎಂದನಂತೆ. ಈಗ ಮೂವತ್ತೆಂಟು ಒಪ್ಪಿಗೆ ಪತ್ರಗಳು ನನ್ನ ಮೇಜಿನ ಮೇಲಿವೆ. ಮಕ್ಕಳಿರುವವರದೂ ಇದೆ, ಇಲ್ಲದವರದೂ ಇದೆ. ಹೋಲಿಸಿ ನೋಡಲು ನಮಗೆ ಇಬ್ಬರೂ ಬೇಕು.

ಹದಿನೈದು ದಿನಗಳೊಳಗೆ ಅನುಮತಿ ಕೊಡಿ. ಕೊಡಲಾಗದಿದ್ದರೆ ಆ ಮೂವತ್ತೆಂಟು ಜನರನ್ನೂ ಸಂಸ್ಥೆಯ ಸಭಾಂಗಣಕ್ಕೆ ಕರೆಸಿ, ಮುಖಕ್ಕೆ ಮುಖ ಕೊಟ್ಟು "ಆಗುವುದಿಲ್ಲ" ಎನ್ನಿ. ಅವರು ಬರುತ್ತಾರೆ. ಅವರ ಹೆಂಡತಿಯರೂ ಬರುತ್ತಾರೆ.

ಇಂತಿ,
ಈ ಪತ್ರಕ್ಕೆ ಉತ್ತರ ಬರುವ ಮೊದಲೇ ವರ್ಗಾವಣೆಯ ಆದೇಶ ಬರಬಹುದೆಂದು ತಿಳಿದೂ ಸಹಿ ಹಾಕಿದ,
ನಿಮ್ಮದೇ ಸಂಸ್ಥೆಯ ಹಿರಿಯ ತಂತ್ರಜ್ಞೆ