ಗುಬ್ಬಿಯ ತರಗತಿಗೆ ಬಂದ ಅತಿಥಿ

೯ ಸೆಪ್ಟೆಂಬರ್, ಶನಿವಾರ ಬೆಳಿಗ್ಗೆ

ಪ್ರೀತಿಯ ತಂಗಿಗೆ,

ನಿನ್ನ ಅಕ್ಕನ ಆಶೀರ್ವಾದ. ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ, ನೀವೆಲ್ಲ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಆರು ವಾರವಾಯಿತು, ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಬೈಯಲೇಬೇಕಿದ್ದರೆ ಇದನ್ನು ಪೂರ್ತಿ ಓದಿ ಬೈಯಿ. ಫೋನ್ ಮಾಡೋಣವೆಂದರೆ ನಿನ್ನ ಭಾವ ಸದಾ ಮನೆಯಲ್ಲೇ ಇರುತ್ತಾರೆ. ಮೂವತ್ತಾರು ವರ್ಷ ಬಸ್ ನಿಲ್ದಾಣದ ಕಂಟ್ರೋಲರ್ ಆಗಿದ್ದು, ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು ಎಂದು ಬರೆದವರು, ನಿವೃತ್ತಿಯಾದ ಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಳಕೋಣೆಯಲ್ಲಿ ಸುದ್ದಿ ಕೇಳುತ್ತಾ ಕೂರುತ್ತಾರೆ. ನನಗೆ ಮಾತಿಗೇ ಸಿಗುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮ ವಿಶ್ವವಿದ್ಯಾಲಯದಲ್ಲಿ ಈ ವರ್ಷದಿಂದ ಆನ್‌ಲೈನ್ ಪಾಠ ಚೆನ್ನಾಗಿ ಮಾಡುವವರಿಗೆ ಒಂದು ಪ್ರಶಸ್ತಿ ಇಟ್ಟಿದ್ದಾರೆ. ನಾನು ಅರ್ಜಿ ಹಾಕಿದ್ದೆ. ಬಂದದ್ದು ಯಾರಿಗೆ ಗೊತ್ತೇನೇ? ಗುಬ್ಬಿಗೆ! ನೆನಪಿದೆಯಾ, ಕಡೇ ಬೆಂಚಿನಲ್ಲಿ ಕೂತು ಬಾಯಿ ಬಿಟ್ಟರೂ ಸದ್ದೇ ಬಾರದ ಹುಡುಗಿ ಒಬ್ಬಳಿದ್ದಾಳೆ, ಗುಬ್ಬಿ ಎಂದು ಹೆಸರಿಟ್ಟಿದ್ದೇನೆ ಎಂದು ನಿನಗೆ ಹೇಳಿ ನಗಿಸಿದ್ದೆನಲ್ಲ, ಅವಳೇ. ಮೂರು ವರ್ಷ ನನ್ನ ಕೈಕೆಳಗೆ ಸಂಖ್ಯಾಶಾಸ್ತ್ರ ಓದಿದವಳು, ಈಗ ನನ್ನ ಪಕ್ಕದ ಕುರ್ಚಿ.

ಸುಳ್ಳು ಯಾಕೆ ಹೇಳಲಿ, ಹೊಟ್ಟೆಗೆ ಕೊಳ್ಳಿ ಇಟ್ಟ ಹಾಗಾಯಿತು. ನಾನು ಎಷ್ಟು ಕಷ್ಟಪಟ್ಟಿದ್ದೆ! ಹಿಂದೆ ಬಿಳಿ ಪರದೆ, ಎದುರಿಗೆ ಎರಡು ದೀಪ, ನಲವತ್ತೆಂಟು ಪಾಠ, ಒಂದೊಂದೂ ಸರಿಯಾಗಿ ಐವತ್ತು ನಿಮಿಷ. ಒಂದು ಕೆಮ್ಮು ಬಂದರೂ ಮೊದಲಿನಿಂದ ಮತ್ತೆ ರೆಕಾರ್ಡ್ ಮಾಡಿದ್ದೇನೆ. ನೇರ ತರಗತಿಯಿದ್ದ ದಿನ ಎಲ್ಲರ ಮೈಕೂ ಬಂದ್, ಪಿಟ್ಟೆನ್ನುವಂತಿರಲಿಲ್ಲ. ಗುಬ್ಬಿಯದೋ ಸಂತೆ. ಒಬ್ಬನ ಮನೆಯಲ್ಲಿ ನಾಯಿ ಬೊಗಳುತ್ತದೆ, ಇನ್ನೊಬ್ಬಳ ಮಗು ಅಳುತ್ತದೆ, ಇವಳು ನಗುತ್ತಾ ಪಾಠ ಮಾಡುತ್ತಾಳೆ. ಪಾಠ ಮುಗಿದ ಮೇಲೂ 'ಹೋಗೋರು ಹೋಗಿ, ಪ್ರಶ್ನೆ ಇರೋರು ಕೂತ್ಕೊಳ್ಳಿ' ಎಂದು ಬಾಗಿಲು ತೆರೆದಿಟ್ಟು ಕೂರುವುದು ಬೇರೆ.

ಸಮಾರಂಭದಲ್ಲಿ ಕುಲಪತಿಗಳು ಅದನ್ನೇ ಹೊಗಳಿದರು. "ಇವರ ತರಗತೀಲಿ ದಡ್ಡ ಪ್ರಶ್ನೆ ಅನ್ನೋದೇ ಇಲ್ಲ" ಅಂದರು. ನಾನು ಮೂರನೇ ಸಾಲಿನಲ್ಲಿ ಕೂತು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆ. ಆಮೇಲೆ ಗುಬ್ಬಿ ಬಂದು, "ಮೇಡಂ, ಇದೆಲ್ಲ ನೀವು ಕಲಿಸಿದ್ದೇ" ಅಂದಳು. ಮೈ ಉರಿದುಹೋಯಿತು. ನಾನು ಕಲಿಸಿದ್ದಾದರೆ ನನಗೇ ಕೊಡಬಹುದಿತ್ತಲ್ಲ!

ನಮ್ಮಲ್ಲಿ ಒಂದು ಪದ್ಧತಿ ಮಾಡಿದ್ದಾರೆ. ಗೆದ್ದವರ ತರಗತಿಗಳ ವಿಡಿಯೊಗಳನ್ನು ಹದಿನೈದು ದಿನ ಉಳಿದ ಅಧ್ಯಾಪಕರ ಮುಂದಿಡುತ್ತಾರೆ, ನೋಡಿ ಕಲಿಯಲಿ ಅಂತ. ಯಾರಿಗಾದರೂ ಆಕ್ಷೇಪಣೆ ಇದ್ದರೆ ಅಷ್ಟರೊಳಗೆ ಬರೆದು ಕೊಡಬೇಕು, ಅದು ನಿಜವೆಂದು ಕಂಡರೆ ಪ್ರಶಸ್ತಿ ವಾಪಸ್. ನಾನು ನೋಟ್‌ಬುಕ್ ಇಟ್ಟುಕೊಂಡು ಕೂತೆ. ಕಲಿಯುವುದಕ್ಕಲ್ಲ, ನಿನ್ನ ಹತ್ತಿರ ಏನು ಮುಚ್ಚುಮರೆ. ಒಂದು ಕಡೆ ಅವಳು ಸೂತ್ರವನ್ನೇ ತಪ್ಪಾಗಿ ಬರೆದಿದ್ದಳು. 'ಸಿಕ್ಕಿದಳು' ಎಂದುಕೊಂಡೆ. ನೋಡಿದರೆ ಯಾರೋ ವಿದ್ಯಾರ್ಥಿ ಅದನ್ನು ತೋರಿಸಿದ್ದಾನೆ, ಇವಳು "ಅಯ್ಯೋ, ಹೌದಲ್ಲಪ್ಪ! ಬದುಕಿಸಿದೆ" ಎಂದು ತಿದ್ದಿದ್ದಾಳೆ. ಅದನ್ನು ಕತ್ತರಿಸಿಯೂ ಇಲ್ಲ, ಮಾರಾಯ್ತಿ!

ಹುಡುಕಿ ಹುಡುಕಿ ಕಡೆಗೂ ಒಂದು ಗಟ್ಟಿ ಆಧಾರ ಸಿಕ್ಕಿತು. ತರಗತಿಗೆ ದಾಖಲಾದವರನ್ನು ಬಿಟ್ಟು ಹೊರಗಿನವರನ್ನು ಸೇರಿಸಬಾರದೆಂದು ನಿಯಮವಿದೆ. ಅವಳ ಪಟ್ಟಿಯಲ್ಲಿ ಹೆಸರಿನ ಜಾಗದಲ್ಲಿ ಬರೀ 'ಅತಿಥಿ' ಎಂದಿರುವ ಒಬ್ಬರು ಹನ್ನೆರಡು ತರಗತಿಗಳಲ್ಲಿ ಕೂತಿದ್ದಾರೆ. ಮುಖವಿಲ್ಲ, ಮಾತಿಲ್ಲ, ಬಂದವರು ಕಡೇತನಕ ಕದಲುವುದಿಲ್ಲ. ನನಗೆ ಖುಷಿಯೋ ಖುಷಿ. ಆಕ್ಷೇಪಣೆಯನ್ನು ಎರಡು ಪುಟ ಬರೆದೆ. ತಾರೀಕು, ಸಮಯ ಎಲ್ಲ ಹಾಕಿದೆ. ಹನ್ನೊಂದು ವಿಡಿಯೊಗಳ ವಿವರ ಬರೆದು ಸಹಿಯನ್ನೂ ಮಾಡಿಟ್ಟು, ಉಳಿದ ಒಂದನ್ನೂ ನೋಡಿ ಸೇರಿಸೋಣವೆಂದು ಅದನ್ನು ಹಾಕಿದೆ.

ಅದನ್ನು ನೋಡಿದ ಮೇಲೆ ಎರಡು ಪುಟವನ್ನೂ ಹರಿದು ಹಾಕಿದೆ. ನಿನ್ನೆಗೆ ಗಡುವು ಮುಗಿಯಿತು. ಪ್ರಶಸ್ತಿ ಗುಬ್ಬಿಯ ಹತ್ತಿರವೇ ಉಳಿಯಿತು, ಉಳಿಯಲಿ ಬಿಡು. ನಮ್ಮ ಕೈಯಲ್ಲಿ ಕಲಿತವಳ ಅನ್ನಕ್ಕೆ ಕಲ್ಲು ಹಾಕಬಾರದು ಎಂದು ಮನಸ್ಸು ಹಿಂದೆಗೆಯಿತು. ನಿನ್ನ ಅಕ್ಕನಿಗೂ ದೊಡ್ಡ ಬುದ್ಧಿ ಬಂತು ಎಂದು ಸಂತೋಷಪಡು.

ನೀನು ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಮಕ್ಕಳು ಚೆನ್ನಾಗಿ ಓದಲಿ. ನಿನ್ನ ಯಜಮಾನರ ರಕ್ತದೊತ್ತಡ ಹತೋಟಿಯಲ್ಲಿರಲಿ. ನೀವೆಲ್ಲ ನೂರು ಕಾಲ ತಣ್ಣಗೆ ಬಾಳಿ.

ನಿನ್ನ ಪ್ರೀತಿಯ
ಅಕ್ಕ

ಮ.ಬ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ದೊಡ್ಡ ಬುದ್ಧಿಯೂ ಇಲ್ಲ, ಮಣ್ಣೂ ಇಲ್ಲ ಕಣೇ. ಹನ್ನೆರಡನೇ ವಿಡಿಯೊದಲ್ಲಿ ಪಾಠ ಮುಗಿದು ಎಲ್ಲ ಹೋದ ಮೇಲೆ ಆ ಅತಿಥಿ ಮೈಕ್ ತೆರೆದರು. "ಮೇಡಂ, ದಡ್ಡ ಪ್ರಶ್ನೆ ಅನ್ಕೋಬೇಡಿ" ಎಂದರು. ನಿನ್ನ ಭಾವ.

"ಹತ್ತು ನಿಮಿಷಕ್ಕೊಂದು ಬಸ್ಸು ಬಿಡ್ತಿದ್ವಿ. ಅಂದ್ಮೇಲೆ ಜನ ಸುಮಾರು ಐದು ನಿಮಿಷ ಕಾಯ್ಬೇಕು, ಅಲ್ವಾ? ಆದ್ರೆ ಯಾವತ್ತು ಕೇಳಿದ್ರೂ, ಎಷ್ಟೊತ್ತಿಂದ ಕಾಯ್ತಿದೀವಿ ಅಂತ ಬೈತಿದ್ರು. ಅವ್ರು ಸುಳ್ಳು ಹೇಳ್ತಿದ್ರಾ, ಇಲ್ಲಾ ನಾನು ಬರ್ದಿದ್ದೇ ಸುಳ್ಳಾ?"

"ಇಬ್ರದೂ ಸುಳ್ಳಲ್ಲ ಸರ್. ಬಸ್ಸು ತಡವಾದಾಗ್ಲೇ ಅಲ್ವಾ ನಿಲ್ದಾಣದಲ್ಲಿ ಹೆಚ್ಚು ಜನ ಸೇರೋದು? ಬೈದೋರೂ ಅವ್ರೇ. ಎಷ್ಟು ಒಳ್ಳೇ ಪ್ರಶ್ನೆ ಸರ್! ಇದನ್ನ ಮೊದ್ಲು ಯಾರನ್ನೂ ಕೇಳಿರ್ಲಿಲ್ವಾ?"

"ಒಬ್ರನ್ನ ಕೇಳಿದ್ದೆ. ಅವ್ರಿಗೆ ಪುರುಸೊತ್ತಿರ್ಲಿಲ್ಲ."

ಮದುವೆಯಾದ ಮೊದಲ ವರ್ಷ ಕೇಳಿದ್ದರು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. "ಅದಕ್ಕೆಲ್ಲ ಓದಿರ್ಬೇಕು ರೀ, ನೀವು ಸುಮ್ನೆ ಕಾಫಿ ಕುಡೀರಿ" ಎಂದಿದ್ದೆ. ಅದು ನನಗೆ ಮರೆತೇ ಹೋಗಿತ್ತು. ಮೂವತ್ತೊಂದು ವರ್ಷ ಅದೇ ವಿಷಯ ಕಲಿಸಿದವಳು ಪಕ್ಕದ ಅಡುಗೆಮನೆಯಲ್ಲಿರುವಾಗ ಆ ಮನುಷ್ಯ ಕದ್ದು ಹೋಗಿ ಗುಬ್ಬಿಯನ್ನು ಕೇಳಿದ್ದಾರೆ. ಪ್ರಶಸ್ತಿ ಹೋಗಿದ್ದಕ್ಕೆ ಇಷ್ಟು ಹೊಟ್ಟೆ ಉರಿದಿರಲಿಲ್ಲ ತಂಗಿ, ಇದಕ್ಕೆ ಉರಿಯುತ್ತಿದೆ.

ಅಷ್ಟರಲ್ಲಿ ವಿಡಿಯೊದಲ್ಲಿ ಇನ್ನೊಂದು ಧ್ವನಿ ಕೇಳಿಸಿತು. "ರೀ, ಊಟ! ಎಷ್ಟು ಸಲ ಕೂಗ್ಬೇಕು?" ನನ್ನದೇ. ಗುಬ್ಬಿಯ ಬೆನ್ನು ತಟ್ಟನೆ ನೆಟ್ಟಗಾಯಿತು. ಗುರುತು ಹಿಡಿದಳು, ಹಿಡಿಯದೆ ಇರುತ್ತಾಳಾ. "ಸರ್, ಮನೇಲಿ ಕರೀತಿದಾರೆ..." ಎಂದು ಮೆಲ್ಲಗೆ ಹೇಳಿದಳು. ನಿನ್ನ ಭಾವ, "ಅದು ದಿನಾ ಇದ್ದಿದ್ದೇ. ನೀವು ಹೇಳಿ ಮೇಡಂ" ಎಂದು ನನ್ನ ಧ್ವನಿ ಕೇಳದ ಹಾಗೆ ಮೈಕ್ ಬಂದ್ ಮಾಡಿದರು.

ಆ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಕಾಲು ಗಂಟೆ ತಡವಾಗಿ ಬಂದು ಕೂತು, ಎಂದೂ ಇಲ್ಲದವರು ಎರಡನೇ ಸಲ ಬಡಿಸಿಕೊಂಡು, ತಮ್ಮಷ್ಟಕ್ಕೆ ನಗುತ್ತಾ ಊಟ ಮಾಡಿದ್ದರು. ನನ್ನ ಅಡುಗೆ ಚೆನ್ನಾಗಿದೆ ಎಂದು ನಾನು ಅಂದುಕೊಂಡಿದ್ದೆ.