ಕಾಲುವೆ ದಾರಿಯ ದೀಪಗಳು

ಭಾನುವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ,

ನಿನ್ನ ಕಾಗದ ತಲುಪಿತು. ಉತ್ತರ ತಡವಾದದ್ದು ಕೋಪದಿಂದಲ್ಲ. ಈಚೆಗೆ ಕೂತಲ್ಲೇ ಕಣ್ಣು ಎಳೆಯುತ್ತದೆ, ಅಷ್ಟೇ.

ಅಂದು ನಮ್ಮ ಬಡಾವಣೆಯ ಸಂಘದ ಕೋಣೆಯಲ್ಲಿ, ನಿಮ್ಮ ವಿಶ್ವವಿದ್ಯಾಲಯದ ತಂಡದ ಪರವಾಗಿ ನೀನೇ ಎದ್ದು ನಿಂತು ವರದಿ ಓದಿದೆಯಲ್ಲ, ದಾರಿಯ ದೀಪಗಳಿಂದಾಗಿ ಬಾವಲಿಗಳು ಕಾಲುವೆಯತ್ತ ಸುಳಿಯುತ್ತಿಲ್ಲ, ದೀಪ ಆರಿಸಬೇಕು ಎಂದು, ಆಗ ಅಧ್ಯಕ್ಷೆಯ ಕುರ್ಚಿಯಲ್ಲಿ ಕೂತಿದ್ದ ನಾನು ಯಾರ ಮುಖವನ್ನೂ ನೋಡಲಿಲ್ಲ. ಆ ದೀಪಗಳಿಗಾಗಿ ನಾವು ಹೆಂಗಸರು ನಗರಸಭೆಯ ಮೆಟ್ಟಿಲು ಸವೆಸಿದ್ದು ನಿನಗೆ ಗೊತ್ತು. ನನ್ನ ಕೈ ಹಿಡಿದು ನೀನೂ ಬರುತ್ತಿದ್ದೆ. ಕಾಲುವೆ ಬದುಕಿದೆಯೋ ಸತ್ತಿದೆಯೋ ನೋಡಿ ಹೇಳಿ ಎಂದು ನಿಮ್ಮನ್ನು ಕರೆದದ್ದೂ ನಾವೇ.

ನೀವು ಹೋದ ಮೇಲೆ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನಮ್ಮ ನರ್ಸಮ್ಮ ಎದ್ದಳು. "ಅಕ್ಕಾ, ಪಾಳಿ ಮುಗಿಸ್ಕೊಂಡು ಆ ದಾರೀಲಿ ಒಬ್ಬಳೇ ಬರೋದು ನಾನು. ನಿಮ್ಮ ಮಗಳಿಗೆ ಬಾವಲಿ ಹೆಚ್ಚಾದ್ವು, ನಾವು ಕಡಿಮೆಯಾದ್ವಿ, ಅಲ್ವಾ?" ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ನೀನು ಓದಿದ್ದರಲ್ಲೂ ಇರಲಿಲ್ಲ. ಅತ್ತ ದರಿ, ಇತ್ತ ಪುಲಿ.

ಬಾವಲಿಯ ಮಾತನ್ನೇ ವರದಿಯಿಂದ ತೆಗೆದುಬಿಡಲೇ ಎಂದು ಕೇಳಿದ್ದೀಯ. ಬೇಡ. ಕಂಡದ್ದನ್ನು ಕಂಡಂತೆ ಬರೆ. ಆದರೆ ದೀಪ ಆರಿಸಬೇಕು ಎಂಬುದು ಕಂಡದ್ದಲ್ಲ ಮಗಳೇ, ನಿಮಗೆ ತೋಚಿದ್ದು. ಅಲ್ಲಿ ನಡೆಯುವವರನ್ನು ಕೇಳದೆ ತೋಚಿದ್ದು.

ನೀನು ಪರೀಕ್ಷೆಯ ಗಡಿಬಿಡಿಯಲ್ಲಿದ್ದೆ. ಅದಕ್ಕೇ ನಿಮ್ಮ ತಂಡದ ಕನ್ನಡಕದ ಹುಡುಗಿಯನ್ನು ಕರೆಸಿ, ಪಾಳಿ ಮುಗಿದ ಹೊತ್ತಿಗೆ ನರ್ಸಮ್ಮನ ಜೊತೆ ನಡೆಯಲು ಕಳಿಸಿದೆ. ದಾರಿಯುದ್ದಕ್ಕೂ ಇಬ್ಬರೂ ಜಗಳವಾಡಿದರಂತೆ. ಆಮೇಲೆ ಇಬ್ಬರೂ ಸೇರಿ ವೆಲ್ಡಿಂಗ್ ಅಂಗಡಿಯಲ್ಲಿ ತಗಡಿನ ಮುಚ್ಚಳ ಮಾಡಿಸಿ ಒಂದು ದೀಪಕ್ಕೆ ಕಟ್ಟಿಸಿದರು. ಬೆಳಕು ದಾರಿಗಷ್ಟೇ ಬಿತ್ತು, ನೀರಿನ ಮೇಲೆ ಕತ್ತಲು ಇಳಿಯಿತು. ನರ್ಸಮ್ಮ ಕಂಬದ ಕೆಳಗೆ ನಿಂತು ಹಿಂದೆ ಮುಂದೆ ನೋಡಿ, "ಎದುರಿಗೆ ಬರೋರ ಮುಖ ಕಾಣುತ್ತೆ. ನನಗಷ್ಟು ಸಾಕು," ಎಂದಳು.

ಸಂಘ ಒಪ್ಪಿದೆ. ಎಲ್ಲ ದೀಪಗಳಿಗೂ ಮುಚ್ಚಳ ಬರುತ್ತದೆ. ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು, ಆ ಕಥೆ ಬಿಡು. ಈಗ ನನಗೆ ಬೇಕಾದಷ್ಟು ಬಿಡುವು. ಬಾವಲಿ ಬಂದವೇ ಎಂದು ಕೇಳುತ್ತೀಯ, ಇನ್ನೂ ಇಲ್ಲ. ಬಾರದಿದ್ದರೆ ಅದನ್ನೂ ಹಾಗೇ ಬರೆ.

ಹೊತ್ತಿಗೆ ಸರಿಯಾಗಿ ಉಣ್ಣು. ಪರೀಕ್ಷೆ ಮುಗಿದೊಡನೆ ಬಾ.

ನಿನ್ನ
ಅಮ್ಮ

ಮರೆತಿದ್ದೆ: ಸಂಘದ ವಿಳಾಸಕ್ಕೆ ಬರೆದರೆ ಇನ್ನು ನನಗೆ ಸಿಗುವುದಿಲ್ಲ, ಮನೆಗೇ ಬರೆ. ಮಗಳು ಆಡಿಸಿದಂತೆ ಆಡುವವಳು ಅಧ್ಯಕ್ಷೆಯಾಗಿರಬಾರದು, ನೀವು ಇಳಿದರೆ ಮುಚ್ಚಳಕ್ಕೆ ಒಪ್ಪುತ್ತೇವೆ ಎಂದರು ಸಂಘದವರು. ಇಳಿದೆ. ಈಗ ನರ್ಸಮ್ಮನೇ ಅಧ್ಯಕ್ಷೆ. ಬಂದಾಗ ಮೊದಲು ಅವಳ ಹತ್ತಿರ ಹೋಗು. ನನ್ನ ಪರವಾಗಿ ಜಗಳ ತೆಗೆಯಬೇಡ. ಇಳಿಯಬೇಡಿ ಎಂದವಳು ಅವಳೊಬ್ಬಳೇ.