ಮಾರಾಟಕ್ಕಿರುವ ಕೆಂಪು ಕ್ಯಾಮರೋ

ಅಕ್ಕಾ,

ಆಲಿಕಲ್ಲಿಗೆ ಒಡೆದ ಸೂರುಗಳ ರಿಪೇರಿಗೆಂದು ನೆಬ್ರಾಸ್ಕಾಕ್ಕೆ ಬಂದರೆ, ಇಲ್ಲೊಂದು ಮನೆ ಮುಂದೆ ನಮ್ಮಪ್ಪನ ಕಾರಿನ ಅವಳಿಯೇ ನಿಂತಿದೆ! ಅರವತ್ತೊಂಬತ್ತನೇ ಇಸವಿಯ ಕೆಂಪು ಕ್ಯಾಮರೋ, ಗಾಜಿನ ಮೇಲೆ ‘ಮಾರಾಟಕ್ಕಿದೆ’ ಅಂತ ರಟ್ಟು. ಬಣ್ಣ ಗೀಚಬಾರದೆಂದು ಬೆಲ್ಟಿನ ಬಕಲನ್ನು ಪಕ್ಕಕ್ಕೆ ತಿರುಗಿಸಿಕೊಂಡೇ ಬಾನೆಟ್ ಎತ್ತಿ ಎಂಜಿನ್ ಮೇಲೆ ಬಗ್ಗಿ ನೋಡಿದೆ. ಅದನ್ನು ನೋಡಿ ಮನೆಯ ಮುದುಕಿ ವೆಲ್ಮಾ ಕೀ ಕೊಟ್ಟಳು. ಎಂಜಿನ್ ಗುಡುಗಿತು, ಅಪ್ಪ ಕೆಲಸ ಮುಗಿಸಿ ಮನೆಗೆ ಬಂದ ಹಾಗಾಯಿತು. ಆಕೆಯೂ ಕಣ್ಣು ಮುಚ್ಚಿಕೊಂಡು ನಿಂತಿದ್ದಳು.

“ಎಷ್ಟಕ್ಕೆ ಕೊಡ್ತೀರಮ್ಮಾ?”

“ಕೊಡೋದಾ? ನಮ್ಮೆಜಮಾನ್ರು ಹೋದ್ಮೇಲೆ ಸ್ಟಾರ್ಟ್ ಮಾಡೋರಿಲ್ಲ, ಆ ಕ್ಲಚ್ ನನ್ನ ಕಾಲಿಗೆ ಬಗ್ಗಲ್ಲ. ರಟ್ಟು ಹಾಕ್ದಿದ್ರೆ ನಿನ್ನಂಥ ಹುಚ್ಚರು ಬರ್ತಾರೇನೋ?”

ನನ್ನ ಮಂಡಿನೋವು ಹಾಗೇ ಇದೆ, ಸೀಟಿನಿಂದ ಏಳಲು ಅವಳೇ ಕೈ ಕೊಟ್ಟಳು. ಭಾನುವಾರ ಮತ್ತೆ ಚೌಕಾಸಿಗೆ ಬಾ ಅಂದಿದ್ದಾಳೆ. ಹೋಗುತ್ತೇನೆ.

ನಿನ್ನ ತಮ್ಮ,
ಲಾಯ್ಡ್